ಲಾರಿ ಹುಡುಕೋದು ಯಾರ ಕೆಲಸ?

ರಸ್ತೆಗೆ ಟಾರು ಹಾಕೋ ಕೂಲಿಯವನ ಮೇಲೆ ಲಾರಿ ಹರೀತು ಅನ್ನಿ. ಗುತ್ತಿಗೆದಾರ ಅಂತಾನೆ: 'ಗುದ್ದಿದ್ದು ಲಾರಿ, ಅವರನ್ನ ಕೇಳ್ಕೊಳ್ಳಿ.' ನಗರಸಭೆ ಅಂತದೆ: 'ಅವನು ನಮ್ಮೋನಲ್ಲ, ಗುತ್ತಿಗೆದಾರನ ಆಳು.' ಬೆವರು ಎಲ್ಲರಿಗೂ ಬೇಕು, ಹೆಣ ಮಾತ್ರ ಯಾರದೂ ಅಲ್ಲ!

ಬಂಧುಗಳೇ, ಇದು ಹಸೀ ಸುಳ್ಳು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯೇ ಈ ಇಬ್ಬರ ಬಾಯಿಗೂ ಬೀಗ ಹಾಕಿತ್ತು. 12ನೇ ಕಲಮು: ಗುತ್ತಿಗೆ ಕೊಟ್ಟೋನೂ ಹೊಣೆ, ಮೊದಲು ಕೊಡಲಿ, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡ್ಕೊಳ್ಳಲಿ. ನಗರಸಭೆಯೂ ಇದಕ್ಕೆ ಹೊರತಲ್ಲ. 13ನೇ ಕಲಮು: ತಪ್ಪು ಹೊರಗಿನವನದಾದರೆ, ಪರಿಹಾರ ಕೊಟ್ಟ ಧಣಿ ಆ ಹಣವನ್ನು ಅವನಿಂದ ವಸೂಲು ಮಾಡಬಹುದು. ಕೊಟ್ಟ ಮೇಲೆ! ಲಾರಿ ಹಿಂದೆ ಓಡೋ ಕೆಲಸ ಧಣೀದು, ಸತ್ತವನ ಹೆಂಡತಿದಲ್ಲ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಎರಡು ಮಾತು ಉಳಿದಿವೆ.

ಲಾರಿ ಮಾಲೀಕನ ಮೇಲೆ ಮೋಟಾರು ವಾಹನ ಕಾಯ್ದೆಯಡಿ ನಾವೇ ಹೋಗಬಹುದು. 167ನೇ ಕಲಮಿನಂತೆ ಎರಡರಲ್ಲಿ ಒಂದೇ ದಾರಿ. ಆರಿಸೋರು ನಾವು, ಗುತ್ತಿಗೆದಾರನಲ್ಲ.

ಹೆಣದ ಮುಂದೆ ಐದೋ ಹತ್ತೋ ಸಾವಿರ ಇಟ್ಟು ಹೆಬ್ಬೆಟ್ಟು ಒತ್ತಿಸ್ಕೊಳ್ತಾರಲ್ಲ, ಆ ಕಾಗದಕ್ಕೆ ಬೆಲೆಯಿಲ್ಲ. ಸಾವಿನ ಪರಿಹಾರ ಅಧಿಕಾರಿಯ ಬಳಿ ಠೇವಣಿ ಆಗಬೇಕು. ತಿಂಗಳು ದಾಟಿದರೆ ಬಡ್ಡಿ ಸಮೇತ.