ಎಲೆ ಬದಲಿಸಿದರೆ ಸಂಶೋಧನೆಯಾಗದು

ನಮ್ಮ ಎಂ.ಎಸ್ಸಿ. ಪ್ರಾಜೆಕ್ಟುಗಳಲ್ಲಿ ಒಂದು ಪ್ರಯೋಗ ವರ್ಷ ತಪ್ಪದೆ ನಡೆಯುತ್ತದೆ. ಯಾವುದೋ ಗಿಡದ ಎಲೆ ತಂದು, ತೊಳೆದು, ಕುದಿಸಿ, ಸೋಸಿದ ರಸಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸುವುದು. ತಿಳಿಹಳದಿ ದ್ರವ ಕಂದು ಬಣ್ಣಕ್ಕೆ ತಿರುಗಿದರೆ ಬೆಳ್ಳಿಯ ನ್ಯಾನೊಕಣ ಸಿದ್ಧ. 420 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳಕಿನ ಹೀರಿಕೆಯ ಒಂದು ಶಿಖರ, ಪೆಟ್ರಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ಒಂದು ವೃತ್ತ, ಕೊನೆಗೆ ‘ಪರಿಸರಸ್ನೇಹಿ ರೋಗಾಣುನಾಶಕ’ ಎಂಬ ತೀರ್ಮಾನ. ಕಳೆದ ವರ್ಷ ಬೇವು, ಈ ವರ್ಷ ತುಳಸಿ, ಮುಂದಿನ ವರ್ಷ ಲಂಟಾನ. ಇದನ್ನು ಸಂಶೋಧನೆ ಎಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು.

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡ 2003ರಲ್ಲಿ ಜೆರೇನಿಯಂ ಎಲೆಯಿಂದ, 2004ರಲ್ಲಿ ಬೇವಿನೆಲೆಯಿಂದ ಇದನ್ನು ಮಾಡಿ ತೋರಿಸಿದಾಗ ಅದು ಹೊಸದಾಗಿತ್ತು. ಎಲೆಯಲ್ಲಿರುವ ಫಿನಾಲ್ ವರ್ಗದ ವಸ್ತುಗಳು, ಸಕ್ಕರೆಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹವಾಗಿಸುತ್ತವೆ. ರಸದಲ್ಲಿರುವ ಪ್ರೋಟೀನಿನಂಥವು ಕಣಕ್ಕೆ ಅಂಟಿಕೊಂಡು ಅದು ಗಂಟುಗಟ್ಟದಂತೆ ತಡೆಯುತ್ತವೆ. ಇಂಥ ವಸ್ತುಗಳಿಲ್ಲದ ಎಲೆ ಎಲ್ಲಿದೆ? ಹೀಗಿರುವಾಗ ಇನ್ನೊಂದು ಎಲೆಯೂ ಕಣ ಕೊಟ್ಟಿತೆಂದು ಬೆರಗಾಗುವುದು ಗೊತ್ತಿದ್ದ ಉತ್ತರಕ್ಕೆ ಮತ್ತೆ ಮತ್ತೆ ಅಂಕ ಕೇಳಿದಂತೆ.

ಆ ತಟ್ಟೆಯನ್ನೇ ಹತ್ತಿರದಿಂದ ನೋಡಿ. ಒಂದು ಗುಳಿಯಲ್ಲಿ ಎಲೆಯ ರಸ, ಒಂದರಲ್ಲಿ ನ್ಯಾನೊಕಣ, ಒಂದರಲ್ಲಿ ನೀರು, ಪಕ್ಕದಲ್ಲಿ ಆ್ಯಂಟಿಬಯೋಟಿಕ್ ಬಿಲ್ಲೆ. ಬರಿಯ ಸಿಲ್ವರ್ ನೈಟ್ರೇಟಿನ ಗುಳಿ ಎಷ್ಟೋ ತಟ್ಟೆಗಳಲ್ಲಿ ಇರುವುದೇ ಇಲ್ಲ. ಸಾಮಾನ್ಯವಾಗಿ ಬಳಸುವ 1 ಮಿಲಿಮೋಲಾರ್ ದ್ರಾವಣದಲ್ಲಿ ಲೀಟರಿಗೆ ಸುಮಾರು 170 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಇರುತ್ತದೆ. ಬ್ಯಾಕ್ಟೀರಿಯಾ ಕೊಲ್ಲಲು ಅದಕ್ಕೆ ಯಾವ ಎಲೆಯ ನೆರವೂ ಬೇಕಿಲ್ಲ. ಕಣಗಳನ್ನು ಸೆಂಟ್ರಿಫ್ಯೂಜ್ ಮಾಡಿ ಸರಿಯಾಗಿ ತೊಳೆಯದಿದ್ದರೆ ಕೊಂದದ್ದು ಕಣವೋ, ಉಳಿದುಕೊಂಡ ಅಯಾನೋ? ಸ್ಕೇಲಿಟ್ಟು ಅಳೆದ ವೃತ್ತ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಅಗರ್‌ನಲ್ಲಿ ಕಣ ಎಷ್ಟು ದೂರ ಹರಡಿತು ಎಂಬುದರ ಮೇಲೂ ವೃತ್ತದ ಅಗಲ ನಿಂತಿದೆ. ರೋಗಾಣುವನ್ನು ತಡೆಯುವ ಕನಿಷ್ಠ ಪ್ರಮಾಣ ಎಷ್ಟು, ಅಷ್ಟೇ ಪ್ರಮಾಣ ಮನುಷ್ಯನ ಜೀವಕೋಶಕ್ಕೆ ಏನು ಮಾಡುತ್ತದೆ ಎಂಬುದನ್ನು ಅಳೆಯದೆ ‘ಔಷಧ’ ಎಂಬ ಮಾತು ಬರೆಯುವುದು ಅಪ್ರಾಮಾಣಿಕತೆ.

‘ಹಸಿರು’ ಎಂಬ ಹಣೆಪಟ್ಟಿಯೂ ಅಷ್ಟೇ. ಎಲೆ ಹಸಿರಾದ ಮಾತ್ರಕ್ಕೆ ಬೆಳ್ಳಿ ಸಾಧುವಾಗುವುದಿಲ್ಲ. ಕರಗಿದ ಬೆಳ್ಳಿ ಮೀನಿಗೂ ನೀರಿನ ಸಣ್ಣ ಜೀವಿಗಳಿಗೂ ವಿಷ. ಉಳಿದ ದ್ರಾವಣವನ್ನು ಸಿಂಕಿಗೆ ಸುರಿದು ಪ್ರಬಂಧದಲ್ಲಿ ಪರಿಸರಸ್ನೇಹಿ ಎಂದು ಬರೆಯುವ ಕೈಗೆ ನಾಚಿಕೆ ಇರಬೇಕು.

ಬೆಳ್ಳಿಗೆ ರೋಗಾಣು ಬಗ್ಗದಿರದು ಎಂಬ ನೆಮ್ಮದಿಯೂ ಸುಳ್ಳು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸುಟ್ಟಗಾಯಗಳ ವಿಭಾಗದಲ್ಲಿ ಸಿಲ್ವರ್ ನೈಟ್ರೇಟಿಗೆ ಜಗ್ಗದ ಸಾಲ್ಮೊನೆಲ್ಲಾ ಮೂವರನ್ನು ಬಲಿ ತೆಗೆದುಕೊಂಡದ್ದು 1975ರಲ್ಲೇ ವರದಿಯಾಗಿದೆ. ಜೆಕ್ ದೇಶದ ವಿಜ್ಞಾನಿಗಳು 2018ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ಮತ್ತೆ ಮತ್ತೆ ನ್ಯಾನೊಬೆಳ್ಳಿಗೆ ಒಡ್ಡಿಕೊಂಡ ಇ. ಕೋಲೈ, ಫ್ಲಾಜೆಲಿನ್ ಎಂಬ ಪ್ರೋಟೀನ್ ಸ್ರವಿಸಿ ಕಣಗಳನ್ನೇ ಗಂಟುಗಟ್ಟಿಸಿ ಪಾರಾಗುತ್ತದೆ. ಆ ಪ್ರೋಟೀನಿನ ಉತ್ಪಾದನೆಯನ್ನು ದಾಳಿಂಬೆ ಸಿಪ್ಪೆಯ ಸಾರ ತಡೆಯಿತು. ಗಿಡದಿಂದ ಕೆಲಸ ತೆಗೆಯುವುದೆಂದರೆ ಇದು. ಅವರ ಮುಂದೆ ಪ್ರಶ್ನೆ ಇತ್ತು, ಅದಕ್ಕಾಗಿ ಸಿಪ್ಪೆ ಬಂತು. ನಮ್ಮಲ್ಲಿ ಎಲೆ ಮೊದಲು ಬರುತ್ತದೆ, ಪ್ರಶ್ನೆ ಬರುವುದೇ ಇಲ್ಲ.

ತಪ್ಪು ವಿದ್ಯಾರ್ಥಿಗಳದ್ದಲ್ಲ. ಸುಲಭವಾಗಿ ಮುಗಿಯುತ್ತದೆ, ಪ್ರಕಟಣೆ ಸಿಗುತ್ತದೆ ಎಂದು ಇದನ್ನೇ ಕೈಗಿಡುವ ಮಾರ್ಗದರ್ಶಕರದ್ದು; ಗುಳಿ ಲೆಕ್ಕ ಹಾಕದೆ ಸಹಿ ಮಾಡುವ ಪರೀಕ್ಷಕರದ್ದು. ಮುಂದಿನ ಬಾರಿ ಇಂಥ ಪ್ರಸ್ತಾವ ಮೇಜಿಗೆ ಬಂದಾಗ ಯಾವ ಎಲೆ ಎಂದು ಕೇಳಬೇಡಿ. ಯಾವ ಪ್ರಶ್ನೆ ಎಂದು ಕೇಳಿ. ಉತ್ತರ ಬಾರದಿದ್ದರೆ ಸಹಿ ಹಾಕಬೇಡಿ.