ಆಟ ಬೇರೆ, ಪೊಟ್ಟಣ ಬೇರೆ

ಕಾರ್ಡ್ ಆಟ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಹೆಚ್ಚಿನ ಮನೆಗಳಲ್ಲಿ ಹಿರಿಯರ ಹುಬ್ಬು ಗಂಟಾಗುತ್ತದೆ. ಇಸ್ಪೀಟು, ಜೂಜು, ಹಾಳಾದ ಮನೆ ಎಲ್ಲವೂ ಅವರಿಗೆ ಒಟ್ಟಿಗೆ ನೆನಪಾಗುತ್ತವೆ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಆದ್ದರಿಂದ ನಮ್ಮಲ್ಲಿ ಕೆಲವರು ಮಧ್ಯಾಹ್ನದ ವಿರಾಮದಲ್ಲಿ 'ಮ್ಯಾಜಿಕ್: ದ ಗ್ಯಾದರಿಂಗ್' ಕಾರ್ಡುಗಳನ್ನು ಹರಡಿಕೊಂಡು ಕೂತಾಗ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಒಂದು, 'ಇದೂ ಜೂಜೇ, ನಿಲ್ಲಿಸಿ.' ಇನ್ನೊಂದು, 'ಇದು ಬರೀ ಮಕ್ಕಳಾಟ, ಬಿಡಿ.' ಒಂದು ವರ್ಷದಿಂದ ಇದನ್ನು ಆಡುತ್ತಿರುವ ನನಗೆ ಎರಡೂ ಅರ್ಧ ಸತ್ಯ ಎನಿಸುತ್ತದೆ. ಈ ಆಟದ ನಿಯಮಗಳು ನಮ್ಮ ಸಮಯಕ್ಕೆ ಯೋಗ್ಯ. ಅದರ ಕಾರ್ಡುಗಳನ್ನು ಮಾರುವ ರೀತಿ ನಮ್ಮ ಹಣಕ್ಕೆ ಯೋಗ್ಯವಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡಬೇಕು.

ಗೊತ್ತಿಲ್ಲದವರಿಗೆ ಆಟದ ಪರಿಚಯ. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ರೂಪಿಸಿದ ಈ ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ 1993ರಲ್ಲಿ ಹೊರತಂದಿತು. ಆಟಗಾರರಿಬ್ಬರೂ ಲೋಕದಿಂದ ಲೋಕಕ್ಕೆ ಸಂಚರಿಸುವ ಮಾಂತ್ರಿಕರು ಎಂಬುದು ಕಥೆ. ಇಬ್ಬರಿಗೂ ತಲಾ 20 ಪ್ರಾಣಾಂಕ. ಕನಿಷ್ಠ 60 ಕಾರ್ಡುಗಳ ಕಟ್ಟನ್ನು ನಾವೇ ಆರಿಸಿ ಕಟ್ಟಿಕೊಳ್ಳಬೇಕು. ಮೂಲ ನೆಲದ ಕಾರ್ಡುಗಳನ್ನು ಬಿಟ್ಟರೆ ಒಂದೇ ಕಾರ್ಡಿನ ನಾಲ್ಕಕ್ಕಿಂತ ಹೆಚ್ಚು ಪ್ರತಿ ಇಡುವಂತಿಲ್ಲ. ಕೈಯಲ್ಲಿ ಏಳು ಕಾರ್ಡು ಹಿಡಿದು ಆಟ ಶುರು. ಪ್ರತಿ ಸರದಿಯಲ್ಲಿ ಒಂದು ನೆಲದ ಕಾರ್ಡು ಇಡಬಹುದು. ಆ ನೆಲದಿಂದ ಸಿಗುವ ಶಕ್ತಿ ಖರ್ಚು ಮಾಡಿ ಜೀವಿಗಳನ್ನು ಕರೆಯಬೇಕು, ಮಂತ್ರ ಹಾಕಬೇಕು. ಎದುರಾಳಿಯ 20 ಸೊನ್ನೆಯಾದರೆ ಗೆಲುವು. ಮಂತ್ರ ಎಂದ ಕೂಡಲೇ ಯಾರೂ ಗಾಬರಿಯಾಗಬೇಕಿಲ್ಲ. ಅದು ಅಲಾವುದ್ದೀನನ ದೀಪದಲ್ಲಿರುವಂಥ ಕಥೆಯ ಮಾಟ ಅಷ್ಟೆ.

ನನ್ನನ್ನು ಹಿಡಿದಿಟ್ಟದ್ದು ಇಲ್ಲಿ ಕಥೆ ಮತ್ತು ನಿಯಮ ಬೇರೆ ಬೇರೆಯಾಗಿಲ್ಲ ಎಂಬುದು. ಶಕ್ತಿಗೆ ಐದು ಬಣ್ಣ. ಬಯಲಿನಿಂದ ಬಿಳಿ, ದ್ವೀಪದಿಂದ ನೀಲಿ, ಜೌಗಿನಿಂದ ಕಪ್ಪು, ಬೆಟ್ಟದಿಂದ ಕೆಂಪು, ಕಾಡಿನಿಂದ ಹಸಿರು. ಬಿಳಿಗೆ ಶಿಸ್ತು ಮತ್ತು ಸಮುದಾಯ ಮುಖ್ಯ, ನೀಲಿಗೆ ಜ್ಞಾನ, ಕಪ್ಪಿಗೆ ಸ್ವಂತ ಲಾಭ, ಕೆಂಪಿಗೆ ಭಾವಾವೇಶ ಮತ್ತು ಸ್ವಾತಂತ್ರ್ಯ, ಹಸಿರಿಗೆ ಪ್ರಕೃತಿ. ಇವೆಲ್ಲ ಬರೀ ಬಣ್ಣನೆಯಲ್ಲ, ಯಾವ ಬಣ್ಣಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನೂ ಇದೇ ನಿರ್ಧರಿಸುತ್ತದೆ. ನೀಲಿ ಬಣ್ಣ ಎದುರಾಳಿಯ ಮಂತ್ರವನ್ನು ಹಾಕುವಾಗಲೇ ತಡೆಯಬಲ್ಲದು, ಏಕೆಂದರೆ ಅದು ಮುಂದಾಲೋಚನೆಯ ಬಣ್ಣ. ಕಾಡಿನ ಜೀವಿಗಳಿಗೆ ಹಾರುವುದು ಅಪರೂಪ, ಆದರೆ ಹಸಿರಿನ ಜೇಡಕ್ಕೆ ಹಾರುವ ಜೀವಿಯನ್ನು ಅಡ್ಡಗಟ್ಟಲು ಅನುಮತಿಯಿದೆ. ಜೇಡ ಬಲೆ ಕಟ್ಟುತ್ತದಲ್ಲವೇ!

1993ರ ಕೊನೆಯಲ್ಲಿ ಬಂದ ಮೊದಲ ವಿಸ್ತರಣೆಯ ಹೆಸರು 'ಅರೇಬಿಯನ್ ನೈಟ್ಸ್'. ಅದರಲ್ಲಿ ಶಹರಝಾದ್ ಎಂಬ ಕಾರ್ಡಿದೆ. ಅದನ್ನು ಹಾಕಿದರೆ ನಡೆಯುತ್ತಿರುವ ಆಟ ಅಲ್ಲೇ ನಿಲ್ಲುತ್ತದೆ. ಉಳಿದ ಕಾರ್ಡುಗಳಿಂದ ಇಬ್ಬರೂ ಅದರೊಳಗೇ ಇನ್ನೊಂದು ಆಟ ಆಡಬೇಕು. ಒಳಗಿನ ಆಟ ಗೆಲ್ಲದವರು ಹೊರಗಿನ ಆಟದಲ್ಲಿ ಅರ್ಧ ಪ್ರಾಣ ಕಳೆದುಕೊಳ್ಳುತ್ತಾರೆ. ಕಥೆಯೊಳಗೆ ಕಥೆ ಹೇಳಿ ಜೀವ ಉಳಿಸಿಕೊಂಡವಳನ್ನು ಒಂದೇ ನಿಯಮದಲ್ಲಿ ಹೇಳಿಬಿಟ್ಟಿದ್ದಾರೆ. ಸಮಯ ಮುಗಿಯುವುದೇ ಇಲ್ಲವೆಂದು ಅಧಿಕೃತ ಸ್ಪರ್ಧೆಗಳಲ್ಲಿ ಈಗ ಅದಕ್ಕೆ ನಿಷೇಧವಿದೆ.

ಇನ್ನು ಓದುವ ವಿಷಯ. ಕಾರ್ಡಿನ ಮಾತಿಗೂ ನಿಯಮಪುಸ್ತಕಕ್ಕೂ ವಿರೋಧ ಬಂದರೆ ಕಾರ್ಡಿನ ಮಾತೇ ಅಂತಿಮ. ಒಂದು ಕಾರ್ಡು 'ಮಾಡಬಹುದು' ಎಂದು, ಇನ್ನೊಂದು 'ಮಾಡುವಂತಿಲ್ಲ' ಎಂದು ಹೇಳಿದರೆ 'ಮಾಡುವಂತಿಲ್ಲ' ಗೆಲ್ಲುತ್ತದೆ. ಮಂತ್ರಗಳು ತಟ್ಟೆಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ, ಕೊನೆಗೆ ಇಟ್ಟದ್ದು ಮೊದಲು ಫಲ ಕೊಡುತ್ತದೆ. ಒಂದು ಉದಾಹರಣೆ ನೋಡಿ. ಎದುರಾಳಿಯ ಬಳಿ ಬಲ 2, ತಾಳಿಕೆ 2 ಇರುವ ಕರಡಿಯಿದೆ. ನನ್ನ ಕೈಯಲ್ಲಿ 3 ಪೆಟ್ಟು ಕೊಡುವ ಸಿಡಿಲು, ಅವನ ಕೈಯಲ್ಲಿ ಆ ಸರದಿಯ ಮಟ್ಟಿಗೆ ಬಲವನ್ನೂ ತಾಳಿಕೆಯನ್ನೂ 3 ಹೆಚ್ಚಿಸುವ ಮಂತ್ರ. ನಾನು ಅವಸರಪಟ್ಟು ಮೊದಲು ಸಿಡಿಲು ಹಾಕಿದರೆ ಅವನು ಅದರ ಮೇಲೆ ತನ್ನ ಮಂತ್ರ ಇಡುತ್ತಾನೆ. ಕರಡಿ ಮೊದಲು 5ಕ್ಕೆ ಬೆಳೆದು ಸಿಡಿಲಿನಿಂದ ಉಳಿಯುತ್ತದೆ. ಅವನು ಮೊದಲು ಬೆಳೆಸಲು ಹೊರಟಾಗ ನಾನು ಮೇಲೆ ಸಿಡಿಲು ಇಟ್ಟರೆ ಕರಡಿ ಮೊದಲೇ ಸಾಯುತ್ತದೆ, ಅವನ ಮಂತ್ರವೂ ವ್ಯರ್ಥ. ಕಾರ್ಡುಗಳು ಅವೇ, ಬದಲಾದದ್ದು ಕ್ರಮ ಮಾತ್ರ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದುವ ಮೊದಲೇ ಉತ್ತರ ಬರೆಯಲು ಹೊರಡುವ ನಮ್ಮಂಥವರಿಗೆ ಈ ಅಭ್ಯಾಸ ಒಳ್ಳೆಯದೇ. ಕಂಪ್ಯೂಟರ್ ವಿಜ್ಞಾನದ ಗೆಳೆಯರಿಗೆ ಇನ್ನೊಂದು ಮಾತು: ಈ ಆಟದ ನಿಯಮಗಳೊಳಗೇ ಒಂದು ಟ್ಯೂರಿಂಗ್ ಯಂತ್ರವನ್ನು ಕಟ್ಟಬಹುದು ಎಂದು 2019ರಲ್ಲಿ ಮೂವರು ಸಂಶೋಧಕರು ತೋರಿಸಿಕೊಟ್ಟರು.

ಹಾಗಾದರೆ ಜೂಜಿನ ಆರೋಪ ಸುಳ್ಳೇ? ಪೂರ್ತಿ ಸುಳ್ಳಲ್ಲ. 1993ರ ಮೂಲ ನಿಯಮದಲ್ಲಿ ಪಣ ಇತ್ತು. ಆಟಕ್ಕೆ ಮುನ್ನ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಕಾರ್ಡು ತೆಗೆದು ಬದಿಗಿಡಬೇಕು, ಗೆದ್ದವರಿಗೆ ಎರಡೂ. ಗೋಲಿಯಾಟದಲ್ಲಿ ಗೆದ್ದವನು ಗೋಲಿ ಒಯ್ಯುವ ಹಾಗೆ. ಇದು ಜೂಜಿನ ಲಕ್ಷಣವೇ ಎಂದು ಆಟಗಾರರಿಗೂ ಕಂಪನಿಗೂ ಬೇಗ ಅರ್ಥವಾಯಿತು. ಪಣದ ನಿಯಮ ಮೂಲೆಗೆ ಸರಿಯಿತು. ಪಣಕ್ಕೆ ಸಂಬಂಧಿಸಿದ ಒಂಬತ್ತು ಕಾರ್ಡುಗಳಿಗೆ ಅಧಿಕೃತ ಸ್ಪರ್ಧೆಗಳಲ್ಲಿ ಇಂದಿಗೂ ಜಾಗವಿಲ್ಲ.

ಎರಡನೆಯ ತಿದ್ದುಪಡಿ ನಮಗೆ ಇನ್ನೂ ಹತ್ತಿರದ್ದು. ಅದೇ 'ಅರೇಬಿಯನ್ ನೈಟ್ಸ್' ಸರಣಿಯಲ್ಲಿ 'ಜಿಹಾದ್' ಎಂಬ ಕಾರ್ಡಿತ್ತು. ಇನ್ನೊಂದು ಕಾರ್ಡಿನ ಕೆಳಗೆ ಪವಿತ್ರ ಕುರ್‌ಆನ್‌ನ ವಚನವೇ ಅಚ್ಚಾಗಿತ್ತು. ಬೆಂಚಿನ ಮೇಲೆ ಎಸೆದಾಡುವ ಕಾರ್ಡಿನಲ್ಲಿ ವಚನ ಇರಬಾರದು ಎಂದು ಹೇಳಲು ಆಗ ಅವರ ಮೇಜಿನ ಸುತ್ತ ಯಾರೂ ಇರಲಿಲ್ಲವೇನೋ. 2020ರ ಜೂನ್‌ನಲ್ಲಿ ಕಂಪನಿ ಏಳು ಹಳೆಯ ಕಾರ್ಡುಗಳನ್ನು ಅವಮಾನಕರವೆಂದು ಒಪ್ಪಿ ಅಧಿಕೃತ ಸ್ಪರ್ಧೆಗಳಿಂದ ನಿಷೇಧಿಸಿ, ತನ್ನ ಜಾಲತಾಣದಿಂದ ಅವುಗಳ ಚಿತ್ರ ತೆಗೆದುಹಾಕಿತು. ಅವುಗಳಲ್ಲಿ 'ಜಿಹಾದ್' ಇತ್ತು, 'ಕ್ರುಸೇಡ್' ಕೂಡ ಇತ್ತು. ಎರಡನ್ನೂ ಒಟ್ಟಿಗೆ ತೆಗೆದದ್ದು ನನಗೆ ನ್ಯಾಯ ಎನಿಸಿತು. ಒಬ್ಬರ ನಂಬಿಕೆಯ ಪದ ಇನ್ನೊಬ್ಬರ ಆಯುಧದ ಹೆಸರಾಗಬಾರದು.

ನಮ್ಮ ದೇಶಕ್ಕೂ ಇಂಥದ್ದೇ ಆಯಿತು. 2016ರಲ್ಲಿ ಭಾರತದ ಪ್ರೇರಣೆಯಿಂದ ಕಟ್ಟಿದ ಲೋಕಕ್ಕೆ ಅವರು 'ಕಲಾದೇಶ್' ಎಂದು ಹೆಸರಿಟ್ಟರು. ಕಲೆಯ ನಾಡು ಎಂಬುದು ಉದ್ದೇಶ. ಆದರೆ ಹಿಂದಿ ಬಲ್ಲವರ ಕಿವಿಗೆ ಅದು 'ಕರಿ ದೇಶ' ಎಂದೂ ಕೇಳಿಸುತ್ತದೆ. ಹೀಗಾಗಿ ಆ ಹೆಸರನ್ನು ಬಿಟ್ಟು 'ಅವಿಷ್ಕಾರ್' ಎಂದು ಬದಲಿಸಿದರು. ನಮ್ಮ 'ಆವಿಷ್ಕಾರ'ವೇ ಅದು. ಕೇಳಿಸಿಕೊಳ್ಳುವವರು ಇದ್ದರೆ ನಿಯಮವೂ ಬದಲಾಗುತ್ತದೆ, ಕಥೆಯೂ ಬದಲಾಗುತ್ತದೆ.

ಆದರೆ ಅವರು ತಾವಾಗಿ ಎಂದೂ ಬದಲಿಸದ ಒಂದು ವಸ್ತುವಿದೆ, ಮುಚ್ಚಿದ ಪೊಟ್ಟಣ. ಒಳಗೆ ಹದಿನಾಲ್ಕೋ ಹದಿನೈದೋ ಕಾರ್ಡು. ಸಾಮಾನ್ಯ ಕಾರ್ಡುಗಳೇ ಹೆಚ್ಚು, ಅಪರೂಪದ್ದು ಒಂದೋ ಎರಡೋ. ಯಾವುದು ಬರುತ್ತದೆ ಎಂಬುದು ಹಣ ಕೊಟ್ಟು ಹರಿದ ಮೇಲೆಯೇ ಗೊತ್ತಾಗುವುದು. 2023ರಲ್ಲಿ 'ಲಾರ್ಡ್ ಆಫ್ ದ ರಿಂಗ್ಸ್' ಸರಣಿಯ ಒಂದು ಉಂಗುರದ ಕಾರ್ಡನ್ನು ವಿಶೇಷ ರೂಪದಲ್ಲಿ ಇಡೀ ಜಗತ್ತಿಗೆ ಒಂದೇ ಒಂದು ಪ್ರತಿ ಅಚ್ಚು ಹಾಕಿ ಯಾವುದೋ ಪೊಟ್ಟಣದೊಳಗೆ ಸೇರಿಸಿದರು. ಅದನ್ನು ಪೋಸ್ಟ್ ಮಲೋನ್ ಎಂಬ ಗಾಯಕ ಸುಮಾರು 20 ಲಕ್ಷ ಡಾಲರಿಗೆ ಕೊಂಡರೆಂದು ಸುದ್ದಿಯಾಯಿತು. ಆಟದಲ್ಲಿ ಆ ಕಾರ್ಡು ಮಾಡುವ ಕೆಲಸವನ್ನು ಅದರ ಸಾಮಾನ್ಯ ಪ್ರತಿಯೂ ಮಾಡುತ್ತದೆ! ಹಾಗಾದರೆ ಜನ ಹರಿದದ್ದು ಆಟದ ಪೊಟ್ಟಣವನ್ನೋ, ಲಾಟರಿ ಚೀಟಿಯನ್ನೋ?

ಪಣವನ್ನು ಬಿಡುವುದು ಕಂಪನಿಗೆ ಕಷ್ಟವಾಗಲಿಲ್ಲ, ಏಕೆಂದರೆ ಪಣದಿಂದ ಅದಕ್ಕೆ ಹಣ ಬರುತ್ತಿರಲಿಲ್ಲ. ಪೊಟ್ಟಣದಿಂದ ಬರುತ್ತದೆ. 2022ರಲ್ಲಿ ಈ ಒಂದೇ ಆಟದ ವರ್ಷದ ಆದಾಯ 100 ಕೋಟಿ ಡಾಲರ್ ದಾಟಿತು. ಆದ್ದರಿಂದ ಅದನ್ನು ಅವರು ತೆಗೆಯುತ್ತಾರೆಂದು ಕಾಯುವುದರಲ್ಲಿ ಅರ್ಥವಿಲ್ಲ. ನಾವೇ ತೆಗೆಯಬೇಕು.

ಇದು ಹರಾಮೋ ಹಲಾಲೋ ಎಂದು ತೀರ್ಪು ಕೊಡುವಷ್ಟು ನಾನು ಓದಿಲ್ಲ, ಅದನ್ನು ಬಲ್ಲವರಿಗೆ ಬಿಡುತ್ತೇನೆ. ಆದರೆ ಬಸ್ಸಿನ ಹಣ ಉಳಿಸಿ ಪೊಟ್ಟಣ ತರುವವರನ್ನು ಕಂಡಿದ್ದೇನೆ. 'ಈ ಸಲ ಒಳ್ಳೆಯದು ಬರುತ್ತದೆ' ಎಂಬ ಅವರ ಮಾತು ನನಗೆ ಹಿರಿಯರ ಭಯವನ್ನೇ ನೆನಪಿಸುತ್ತದೆ. ಜೊತೆಗೆ, ಯಾರ ಬಳಿ ಹಣವಿದೆಯೋ ಅವರ ಕಟ್ಟೇ ಬಲಿಷ್ಠವಾದರೆ ಅದು ಬುದ್ಧಿಯ ಆಟ ಹೇಗಾದೀತು? ಒಂದೇ ಬೆಂಚಿನಲ್ಲಿ ಕೂರುವ ನಮ್ಮ ನಡುವೆ ಅಪ್ಪನ ಸಂಬಳ ಆಟಕ್ಕಿಳಿಯಬಾರದು.

ಪೊಟ್ಟಣವಿಲ್ಲದೆ ಆಡಲು ದಾರಿಯಿದೆ. ಎಲ್ಲರ ಬಳಿ ಈಗಾಗಲೇ ಇರುವ ಸಾಮಾನ್ಯ ಕಾರ್ಡುಗಳನ್ನು ಒಂದೇ ರಾಶಿ ಮಾಡಿ, ಅದರಿಂದ ಸರದಿಯಂತೆ ಒಂದೊಂದು ಆರಿಸಿ ಕಟ್ಟು ಮಾಡಿಕೊಳ್ಳಬಹುದು. ಆಟ ಮುಗಿದ ಮೇಲೆ ಎಲ್ಲವೂ ರಾಶಿಗೆ ವಾಪಸು. ಹೊರದೇಶಗಳಲ್ಲಿ ಇದನ್ನು 'ಕ್ಯೂಬ್' ಎನ್ನುತ್ತಾರೆ. ಇಲ್ಲದ ಕಾರ್ಡನ್ನು ರಟ್ಟಿನ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೂ ಆಟ ನಡೆಯುತ್ತದೆ. ಮಾರದೆ, ಸ್ವಂತಕ್ಕೆ ಹೀಗೆ ಮಾಡಿಕೊಳ್ಳುವವರನ್ನು ತಡೆಯುವ ಇಚ್ಛೆ ತನಗಿಲ್ಲ ಎಂದು ಕಂಪನಿಯೇ 2016ರಲ್ಲಿ ಹೇಳಿದೆ. ಅಧಿಕೃತ ಸ್ಪರ್ಧೆಗೆ ಮಾತ್ರ ಅವು ನಡೆಯುವುದಿಲ್ಲ. ನಮಗೆ ಅಲ್ಲಿಗೆ ಹೋಗಬೇಕೆಂದೂ ಇಲ್ಲ.

ಆದ್ದರಿಂದ ಪ್ರಾಂಶುಪಾಲರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ವಿನಂತಿ. ಕಾರ್ಡುಗಳನ್ನು ಕಾಲೇಜಿನಿಂದ ಹೊರಗಟ್ಟುವ ಬದಲು ಅವುಗಳಿಗೆ ಮೂರು ನಿಯಮ ಹಾಕೋಣ. ಪಣವಾಗಿ ಏನನ್ನೂ ಇಡುವಂತಿಲ್ಲ. ಕಾಲೇಜಿನ ಆವರಣದಲ್ಲಿ ಮುಚ್ಚಿದ ಪೊಟ್ಟಣ ತರುವಂತಿಲ್ಲ, ಮಾರುವಂತಿಲ್ಲ. ತರಗತಿಯ ಗಂಟೆ ಅಥವಾ ನಮಾಝಿನ ಕರೆ ಕೇಳಿದ ಕೂಡಲೇ ಆಟ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಈ ಆಟದಲ್ಲೇ ಹೇಳಿರುವಂತೆ, 'ಮಾಡುವಂತಿಲ್ಲ' ಎಂಬುದು 'ಮಾಡಬಹುದು' ಎಂಬುದಕ್ಕಿಂತ ಮೇಲು. ಈ ಮೂರನ್ನು ಒಪ್ಪಿದವರು ಶನಿವಾರದ ಕೊನೆಯ ಅವಧಿಯ ಬಳಿಕ ಗ್ರಂಥಾಲಯದ ಜಗಲಿಗೆ ಬನ್ನಿ. ಹಂಚಿಕೊಳ್ಳುವ ರಾಶಿಗೆ ನನ್ನ ಕಾರ್ಡುಗಳನ್ನೂ ಸೇರಿಸುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಿರಿ, ಓದಲು ಕಾದಿರುತ್ತೇನೆ.