ಬೆಂಡೆಕಾಯಿ ಹೂವು, ಆಲೂಗಡ್ಡೆ ಅಂಕಿ

ಸೋದರಿಯರೇ, ರಜೆಯಲ್ಲಿ ಮಕ್ಕಳು “ಅಮ್ಮಾ, ಏನ್ ಮಾಡ್ಲಿ?” ಅಂತ ಸೆರಗು ಹಿಡಿದು ಪೀಡಿಸುತ್ತಿವೆಯೇ? ತರಕಾರಿ ಬುಟ್ಟಿ ಮುಂದಿಟ್ಟು ಅಚ್ಚು ಒತ್ತಿಸಿ.

ಬೇಕಾಗುವುದು: ಮೈದಾ 1 ಚಮಚ, ನೀರು ಅರ್ಧ ಲೋಟ, ಅರಿಶಿನ 1 ಚಮಚ, ಬೆಂಡೆಕಾಯಿ, ಆಲೂಗಡ್ಡೆ, ಕಾಗದ.

ಮೈದಾವನ್ನು ಗಂಟಿಲ್ಲದಂತೆ ನೀರಿನಲ್ಲಿ ಕದಡಿ, ಕಾಯಿಸಿ. ಗಂಜಿಯಂತಾದಾಗ ಇಳಿಸಿ, ಆರಿದ ಮೇಲೆ ಅರಿಶಿನ ಬೆರೆಸಿ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಳದಿ ಕೆಂಪಡರುತ್ತದೆ. ಸುಣ್ಣ ಬೇಡ, ಕಣ್ಣಿಗೆ ಅಪಾಯ. ಒದ್ದೆ ಬಟ್ಟೆ ಮಡಿಸಿ ತಟ್ಟೆಯಲ್ಲಿಟ್ಟು ಬಣ್ಣ ಸವರಿ. ಬೆಂಡೆಕಾಯಿ ಅಡ್ಡಕ್ಕೆ ಕೊಯ್ದು ಒತ್ತಿದರೆ ಐದು ಮೂಲೆಯ ಹೂವು! ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಿಪ್ಪುನೇರಳೆ ಸೊಪ್ಪಿಗೇನು ಬರ? ಎಲೆಯ ಬೆನ್ನಿಗೆ ಬಣ್ಣ ಸವರಿ ಒತ್ತಿಸಿ, ನರಗಳೆಲ್ಲ ಮೂಡುತ್ತವೆ. ಬಣ್ಣ ತಾಗಿದ ಎಲೆ ಮಾತ್ರ ಹುಳು ಸಾಕುವ ಮನೆಗೆ ಹೋಗಬಾರದು.

ಈಗ ಆಲೂಗಡ್ಡೆ. ಅರ್ಧ ಹೋಳಿನಲ್ಲಿ 7 ಉಬ್ಬಿ ನಿಲ್ಲುವಂತೆ ನೀವೇ ಕೊರೆಯಿರಿ. ಚಾಕು ಮಕ್ಕಳ ಕೈಗೆ ಬೇಡ. ತೇವ ಒರೆಸಿ ಒತ್ತಿಸಿದರೆ ಅಂಕಿ ತಿರುಗಿ ಬೀಳುತ್ತದೆ. ಇನ್ನರ್ಧದಲ್ಲಿ 7 ತಿರುವಿ ಕೊರೆದರೆ ನೆಟ್ಟಗೆ ಬರುತ್ತದೆ.

ನಾಲ್ಕೈದು ವರ್ಷದ ಮಕ್ಕಳು ಅಂಕಿ, ಅಕ್ಷರ ತಿರುವಿ ಬರೆಯುವುದು ಸಾಮಾನ್ಯ. ಅದಕ್ಕೇ “ದಡ್ಡ” ಅಂತ ತಲೆಗೆ ಮೊಟಕುವವರಿದ್ದಾರೆ. ಮೊಟಕಬೇಡಿ. ಎರಡೂ ಅಚ್ಚು ಪಕ್ಕಪಕ್ಕ ಒತ್ತಿಸಿ, “ಕ್ಯಾಲೆಂಡರಿನಲ್ಲಿರೋದು ಯಾವುದು, ಹುಡುಕಪ್ಪಾ” ಅನ್ನಿ. ಮಗುವಿನ ಕಣ್ಣು ತಾನೇ ವ್ಯತ್ಯಾಸ ಕಂಡುಕೊಳ್ಳಲಿ. ಏಳೆಂಟು ವರ್ಷವಾದರೂ ಹಾಗೇ ಬರೆಯುತ್ತಾ ಓದಲೂ ಕಷ್ಟಪಟ್ಟರೆ, ಟೀಚರ ಹತ್ತಿರ ಮಾತಾಡಿ.

ಅಂದ ಹಾಗೆ, ಅರಿಶಿನದ ಕಲೆ ಬೇಗ ಹೋಗದು. ಹಳೇ ಅಂಗಿ ತೊಡಿಸಿಯೇ ಕೂರಿಸಿ!